ಮೊದಲ ನೋಟದ ಪರೀಕ್ಷೆ

'ಸಂದರ್ಶನ' ಎಂಬ ಮಾತನ್ನು ನಮ್ಮ ಹಿರಿಯರು ಬಹಳ ಯೋಚಿಸಿಯೇ ಆರಿಸಿರಬೇಕು. ದರ್ಶನವೆಂದರೆ ನೋಡುವುದು, ಅದಕ್ಕೆ 'ಸಂ' ಸೇರಿದರೆ ಚೆನ್ನಾಗಿ ನೋಡುವುದು. ಧರ್ಮಸ್ಥಳಕ್ಕೆ ಹೋಗಿಬಂದವರಿಗೆ ಈ ಮಾತಿನ ಔಚಿತ್ಯ ಥಟ್ಟನೆ ಹೊಳೆದೀತು. ಅಲ್ಲಿಯೂ ಮುಂಜಾನೆಯೇ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು. ಒಳಗೆ ಹೋಗಿ ಬಂದವರ ಮುಖ ನೋಡಿ, ಅವರಿಗೆ ಏನು ಸಿಕ್ಕಿರಬಹುದೆಂದು ಊಹಿಸುತ್ತಿರಬೇಕು. ಕೊನೆಗೆ ದೇವರ ಮುಂದೆ ನಿಲ್ಲಲು ಸಿಗುವುದು ಅರ್ಧ ನಿಮಿಷ. ಅಷ್ಟರಲ್ಲಿ 'ಮುಂದೆ ಹೋಗಿ, ಮುಂದೆ ಹೋಗಿ' ಎಂಬ ಕೂಗು. ವ್ಯತ್ಯಾಸ ಇಷ್ಟೆ: ದೇವಸ್ಥಾನದಲ್ಲಿ ನಾವು ನೋಡಲು ಹೋಗುತ್ತೇವೆ, ಸಂದರ್ಶನದಲ್ಲಿ ನಮ್ಮನ್ನು ನೋಡುತ್ತಾರೆ. ಪ್ರಸಾದವೂ ಎರಡನೆಯ ಕಡೆ ಎಲ್ಲರಿಗೂ ಸಿಗುವುದಿಲ್ಲ.

ಇಂಗ್ಲಿಷಿನ 'ಇಂಟರ್‌ವ್ಯೂ' ಎಂಬ ಮಾತು ಫ್ರೆಂಚ್ ಭಾಷೆಯಿಂದ ಬಂದದ್ದು. ಅದರ ಮೂಲದಲ್ಲಿ 'ಒಬ್ಬರನ್ನೊಬ್ಬರು ನೋಡುವುದು' ಎಂಬ ಅರ್ಥವಿದೆ. ನಮ್ಮ ಗ್ರಂಥಾಲಯದ ದಪ್ಪ ನಿಘಂಟಿನಲ್ಲಿ ಇದನ್ನು ಕಂಡ ದಿನ ನನಗೆ ಒಂದು ಬಗೆಯ ಧೈರ್ಯ ಬಂದಿತು. ನೋಡುವ ಹಕ್ಕು ಮೇಜಿನ ಆಚೆ ಕುಳಿತವರಿಗೆ ಮಾತ್ರ ಸೇರಿದ್ದಲ್ಲ; ಈಚೆಯವರಿಗೂ ಎರಡು ಕಣ್ಣುಗಳಿವೆ ಎಂಬುದನ್ನು ಆ ಮಾತೇ ಒಪ್ಪಿಕೊಂಡಿದೆ. ಆದರೆ ಈ ವಿಷಯದಲ್ಲಿ ಉಪದೇಶ ಮಾಡುವವರಿಗೆ ನಿಘಂಟು ನೋಡುವ ಅಭ್ಯಾಸ ಇದ್ದಂತೆ ತೋರುವುದಿಲ್ಲ.

ಅಂತಿಮ ಬಿ.ಎ. ತರಗತಿಗೆ ಕಾಲಿಟ್ಟ ದಿನದಿಂದ ನಮ್ಮ ಮೇಲೆ ಉಪದೇಶದ ಜಡಿಮಳೆ ಹಿಡಿದುಕೊಂಡಿದೆ. ಬೆಂಗಳೂರಿನಿಂದ ಬಂದ ಗೃಹಸ್ಥರೊಬ್ಬರು ನಮ್ಮ ಸಭಾಂಗಣದಲ್ಲಿ ಎರಡು ಗಂಟೆ ಮಾತನಾಡಿ, ಮೊದಲ ಅರ್ಧ ನಿಮಿಷದಲ್ಲಿಯೇ ಅಭ್ಯರ್ಥಿಯ ಹಣೆಬರಹ ನಿರ್ಧಾರವಾಗಿಬಿಡುತ್ತದೆಂದು ಹೇಳಿದರು. (ಅಷ್ಟನ್ನು ಹೇಳಲು ಅವರಿಗೆ ಎರಡು ಗಂಟೆ ಏಕೆ ಬೇಕಾಯಿತೋ ತಿಳಿಯದು.) ಯೂಟ್ಯೂಬಿನಲ್ಲಿ ಹುಡುಕಿದರಂತೂ ಇಂಥ ಗುರುಗಳು ನೂರಾರು. ಬಾಗಿಲು ಮೆಲ್ಲಗೆ ತಟ್ಟು, ನೆಟ್ಟಗೆ ನಡೆ, ಮುಗುಳ್ನಗು, ಕೈ ಕುಲುಕು, ಆದರೆ ಹಿಂಡಬೇಡ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಕುರ್ಚಿಯ ತುದಿಯಲ್ಲಿ ಕೂರಬೇಡ, ಪೂರ್ತಿ ಒರಗಲೂ ಬೇಡ, ನಿನ್ನ ಗುಣಗಳನ್ನು ನೀನೇ ಎತ್ತಿ ಹೇಳು. ಹುಡುಗಿಯರಿಗೆ ಇನ್ನೂ ನಾಲ್ಕು ಹೆಚ್ಚು: ಬಳೆ ಸದ್ದು ಮಾಡಬಾರದು, ದುಪಟ್ಟಾ ಜಾರಬಾರದು, ಹೂ ಮುಡಿಯಬಾರದು, ಹಾಗೆಂದು ತೀರ ಬೋಳಾಗಿಯೂ ಕಾಣಬಾರದು.

ಇವನ್ನೆಲ್ಲ ಅಂದವಾಗಿ ಬರೆದುಕೊಂಡು ಮನೆಗೆ ಒಯ್ದು ಓದಿದಾಗ ನನಗೆ ತೋರಿದ್ದೇನೆಂದರೆ, ಇಪ್ಪತ್ತು ವರ್ಷಗಳಿಂದ ನಮ್ಮ ಅವ್ವ ನನಗೆ ಕಲಿಸಿದ ಪಾಠಕ್ಕೂ ಇದಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ದೊಡ್ಡವರ ಎದುರಿಗೆ ಕಣ್ಣೆತ್ತಿ ನೋಡಬಾರದೆಂಬುದು ನಮ್ಮ ಮನೆಯ ಮರ್ಯಾದೆ. ಹಾಗೆ ನೋಡಿದವಳನ್ನು ನಮ್ಮ ಕೇರಿಯಲ್ಲಿ 'ದಿಟ್ಟೆ' ಎನ್ನುವುದಿಲ್ಲ, ಬೇರೆ ಮಾತಿದೆ. ಸಂದರ್ಶನದ ಕೋಣೆಯಲ್ಲಿ ತಗ್ಗಿದ ಕಣ್ಣಿಗೆ 'ಆತ್ಮವಿಶ್ವಾಸ ಸಾಲದು' ಎಂದು ಹೆಸರು. ನಮ್ಮ ಮನೆಯಲ್ಲಿರುವುದು ಒಂದೇ ಕುರ್ಚಿ, ಅದು ಬಂದವರಿಗೆ. ಅದರಲ್ಲಿ ನಾನು ಕುಳಿತದ್ದು ಜ್ವರ ಬಂದಾಗ ಒಮ್ಮೆ ಮಾತ್ರ. ಅಂಥವಳು ಅಪರಿಚಿತರ ಮುಂದೆ ಕುರ್ಚಿಯ ತುದಿಯಲ್ಲಿ ಕೂರದೆ ಮತ್ತೆಲ್ಲಿ ಕೂತಾಳು? ತುಂಬಿದ ಕೊಡ ತುಳುಕುವುದಿಲ್ಲವೆಂದು ಪ್ರಾಥಮಿಕ ಶಾಲೆಯಿಂದ ಕೇಳಿಕೊಂಡು ಬಂದವರು ನಾವು; 'ನಿನಗೆ ಏನು ಬರುತ್ತದೆ?' ಎಂದು ಯಾರಾದರೂ ಕೇಳಿದರೆ, ಬರುವುದನ್ನೂ 'ಏನೋ ಸ್ವಲ್ಪ' ಎನ್ನುವುದೇ ನಮಗೆ ಗೊತ್ತಿರುವ ಸಭ್ಯತೆ. ಸಂದರ್ಶನದಲ್ಲಿಯೋ ತುಳುಕದ ಕೊಡವನ್ನು ಖಾಲಿ ಕೊಡವೆಂದೇ ಎತ್ತಿಡುತ್ತಾರೆ.

ಆದ್ದರಿಂದ ಮೊದಲ ನೋಟದಲ್ಲಿ ಕಾಣುವುದು ವ್ಯಕ್ತಿಯಲ್ಲ, ಆ ವ್ಯಕ್ತಿ ಬೆಳೆದ ಮನೆ ಎಂದು ನನಗನ್ನಿಸುತ್ತದೆ. ಯಾರ ಮನೆಗೆ ಅಧಿಕಾರಿಗಳು, ಡಾಕ್ಟರು, ವಕೀಲರು ಕಾಫಿಗೆ ಬರುತ್ತಾರೋ ಆ ಮನೆಯ ಮಕ್ಕಳು ಹತ್ತು ವರ್ಷದೊಳಗೇ, ಯಾರೂ ಕಲಿಸದೆ, ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಅದನ್ನು ಯೋಗ್ಯತೆಯೆಂದು ಕರೆದು ಅಂಕ ಹಾಕುವಾಗ ಸ್ವಲ್ಪ ಯೋಚಿಸಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಆ ರೀತಿನೀತಿಗಳನ್ನು ಕಲಿಯಲೇ ಬಾರದೆನ್ನುವ ಪಕ್ಷದವಳೆಂದು ಯಾರೂ ತಿಳಿಯಬಾರದು. ಇಂಗ್ಲಿಷನ್ನು ಕಲಿತಂತೆಯೇ ಇದನ್ನೂ ಕಲಿಯಬಹುದು. ಇಂಗ್ಲಿಷ್ ಕಲಿತ ಮಾತ್ರಕ್ಕೆ ಕನ್ನಡ ಮರೆಯಬೇಕಾಗಿಲ್ಲವಷ್ಟೆ. ನಾವು ಐದು ಮಂದಿ ಗೆಳತಿಯರು ಕಳೆದ ವರ್ಷ ಶನಿವಾರದ ಮಧ್ಯಾಹ್ನಗಳಲ್ಲಿ ಹದಿನಾಲ್ಕನೆಯ ನಂಬರಿನ ಕೊಠಡಿಯಲ್ಲಿ ಈ ವಿದ್ಯೆಯ ತಾಲೀಮು ನಡೆಸಿದೆವು. ಮೂವರು ಮೇಜಿನ ಹಿಂದೆ ಕುಳಿತು ಮುಖ ಗಂಟಿಕ್ಕಿಕೊಳ್ಳುವುದು, ಒಬ್ಬಳು ಹೊರಗಿನಿಂದ ಬರುವುದು, ಇನ್ನೊಬ್ಬಳು ಗಡಿಯಾರ ಹಿಡಿಯುವುದು. ಮೊದಲ ವಾರ ಒಳಗೆ ಬಂದವಳು ಬಾಯಿ ತೆರೆಯುವ ಮೊದಲೇ ಎಲ್ಲರೂ ನಕ್ಕುಬಿಟ್ಟೆವು. ಮೂರನೆಯ ವಾರ ನಗು ನಿಂತಿತು. ಐದನೆಯ ವಾರದ ಹೊತ್ತಿಗೆ ಬಾಗಿಲಿನಿಂದ ಕುರ್ಚಿಯವರೆಗಿನ ಎಂಟು ಹೆಜ್ಜೆ ಕಾಲಿಗೆ ರೂಢಿಯಾಗಿಬಿಟ್ಟಿತು. ಕಣ್ಣಲ್ಲಿ ಕಣ್ಣಿಡುವುದು ಮಾತ್ರ ಕಷ್ಟವಾಯಿತು. ಅದಕ್ಕೆ ನಮ್ಮಲ್ಲೊಬ್ಬಳು ಉಪಾಯ ಕಂಡುಹಿಡಿದಳು: ಎದುರಿನವರ ಎರಡು ಹುಬ್ಬುಗಳ ನಡುವೆ, ಕುಂಕುಮ ಇಡುವ ಜಾಗವನ್ನು ನೋಡುವುದು. ಅವರಿಗೆ ಕಣ್ಣು ನೋಡಿದಂತೆ ಕಾಣುತ್ತದೆ, ನಮಗೆ ಮರ್ಯಾದೆ ಮೀರಿದಂತೆ ಆಗುವುದಿಲ್ಲ. ಈ ಉಪಾಯವನ್ನು ಕಿರಿಯ ತರಗತಿಯವರಿಗೆ ಉಚಿತವಾಗಿ ಬಿಟ್ಟುಕೊಟ್ಟಿದ್ದೇನೆ.

ಕೈ ಕುಲುಕುವ ವಿಷಯಕ್ಕೆ ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು. ಕೊನೆಗೆ ನಮಸ್ಕಾರವೇ ಸಾಕೆಂದು ತೀರ್ಮಾನವಾಯಿತು. ನೆಟ್ಟಗೆ ನಿಂತು, ಅವಸರವಿಲ್ಲದೆ ಮಾಡಿದ ನಮಸ್ಕಾರವನ್ನು ಕೀಳೆಂದು ಎಣಿಸುವವರ ಕೈಕೆಳಗೆ ಕೆಲಸ ಮಾಡುವುದೂ ಕಷ್ಟವೇ. ಅವರು ತಾವಾಗಿ ಕೈ ನೀಡಿದರೆ ಕುಲುಕುವುದು, ಅದಕ್ಕೇನು?

ಮೊದಲ ನೋಟಕ್ಕೆ ಇಷ್ಟು ಬೆಲೆ ಏಕೆ ಎಂಬುದನ್ನು ನಾನು ಪುಸ್ತಕಗಳಿಂದ ತಿಳಿಯುವುದಕ್ಕೆ ಮುಂಚೆ ಮಾರುಕಟ್ಟೆಯಿಂದ ತಿಳಿದಿದ್ದೆ. ನಮ್ಮ ತಂದೆ ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಪರವಾನಗಿ ಇರುವ ಹಮಾಲಿ. ಸುಗ್ಗಿಯಲ್ಲಿ ಮೆಕ್ಕೆಜೋಳದ ಚೀಲಗಳು ಅಲ್ಲಿ ಗೋಡೆಗಳಂತೆ ಏಳುತ್ತವೆ. ಖರೀದಿದಾರ ನೂರು ಚೀಲ ಬಿಚ್ಚಿ ನೋಡುವುದಿಲ್ಲ. ಒಂದೆರಡು ಚೀಲಗಳಿಂದ ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಊದಿ, ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ಬೆಲೆ ಹೇಳುತ್ತಾನೆ. ಮೊದಲ ಬಾರಿ ಇದನ್ನು ನೋಡಿದಾಗ ನನಗೆ ಅನ್ಯಾಯವೆನಿಸಿತ್ತು. ಆರು ತಿಂಗಳ ಬೆವರಿಗೆ ಒಂದು ಹಿಡಿ ಸಾಕ್ಷಿಯೆ? ಆದರೆ ಸಂಜೆಯೊಳಗೆ ಸಾವಿರ ಚೀಲ ಕೊಳ್ಳಬೇಕಾದವನು ಬೇರೆ ಏನು ಮಾಡಬೇಕು? ಸಂದರ್ಶಕರ ಕಷ್ಟವೂ ಇದೇ. ಮೂರು ಕೆಲಸಕ್ಕೆ ಮುನ್ನೂರು ಮಂದಿ ಬಂದಿರುವಾಗ ಅವರೂ ಹಿಡಿ ಕಾಳಿನಿಂದಲೇ ತೀರ್ಮಾನಕ್ಕೆ ಬರಬೇಕು.

ಈ ವ್ಯವಹಾರದಲ್ಲಿ ಎರಡೂ ಕಡೆಯ ಜಾಣತನವಿದೆ. ಕೆಲವು ರೈತರು ಚೀಲದ ಬಾಯಿಗೆ ಗಟ್ಟಿ ಕಾಳು ಹಾಕಿ, ತೇವದ್ದನ್ನೂ ಸೊರಗಿದ್ದನ್ನೂ ಕೆಳಗೆ ತುಂಬುತ್ತಾರೆ. ಅದು ಗೊತ್ತಿರುವ ಖರೀದಿದಾರ ಚೀಲದ ಬಾಯಿಗೆ ಕೈ ಹಾಕುವುದೇ ಇಲ್ಲ. ಮೊನೆಯುಳ್ಳ ಕಬ್ಬಿಣದ ಕೊಳವೆಯನ್ನು ನಡುವಿಗೆ ಚುಚ್ಚಿ, ಒಳಗಿನ ಕಾಳನ್ನು ಹೊರಗೆಳೆಯುತ್ತಾನೆ. ನಮಗೆ ಉಪದೇಶ ಮಾಡುವ ಗುರುಗಳೆಲ್ಲ ಕಲಿಸುವುದು ಚೀಲದ ಬಾಯಿಯನ್ನು ಸಿಂಗರಿಸುವುದನ್ನು. ಒಳ್ಳೆಯ ಸಂದರ್ಶಕನ ಕೈಯಲ್ಲಿ ಆ ಕೊಳವೆ ಇರುತ್ತದೆಂಬುದನ್ನು ಅವರು ಮರೆಯುತ್ತಾರೆ. ಆದರೆ ಎಲ್ಲರ ಕೈಯಲ್ಲೂ ಇರುತ್ತದೆಂದು ನಂಬುವಂತೆಯೂ ಇಲ್ಲ.

ಚೀಲದ ಬಾಯಿಯ ಮಹಿಮೆಯನ್ನು ಸಾಲೊಮನ್ ಆಶ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1946ರಲ್ಲಿ ಪ್ರಯೋಗ ಮಾಡಿ ತೋರಿಸಿದ. ಒಬ್ಬ ಮನುಷ್ಯನ ಆರು ಗುಣಗಳನ್ನು ಒಂದು ಗುಂಪಿಗೆ ಹೀಗೆ ಓದಿದ: ಬುದ್ಧಿವಂತ, ಶ್ರಮಜೀವಿ, ದುಡುಕಿನವ, ಟೀಕೆ ಮಾಡುವವ, ಹಟಮಾರಿ, ಹೊಟ್ಟೆಕಿಚ್ಚಿನವ. ಇನ್ನೊಂದು ಗುಂಪಿಗೆ ಅವೇ ಆರು ಗುಣಗಳನ್ನು ಕೊನೆಯಿಂದ ಮೊದಲಿಗೆ ಓದಿದ. ಒಂದು ಗುಣ ಹೆಚ್ಚಿಲ್ಲ, ಒಂದು ಕಡಮೆಯಿಲ್ಲ. ಆದರೂ ಬುದ್ಧಿವಂತಿಕೆಯನ್ನು ಮೊದಲು ಕೇಳಿದವರು ಆ ಮನುಷ್ಯನನ್ನು ಒಟ್ಟಿನಲ್ಲಿ ಯೋಗ್ಯನೆಂದು ಬಗೆದರು. ಹೊಟ್ಟೆಕಿಚ್ಚನ್ನು ಮೊದಲು ಕೇಳಿದವರಿಗೆ ಅವನ ಒಳ್ಳೆಯ ಗುಣಗಳೂ ಮಸುಕಾದವು. ಮೊದಲು ಬಿದ್ದ ಮಾತು ಮುಂದಿನ ಮಾತುಗಳಿಗೆಲ್ಲ ಬಣ್ಣ ಹಚ್ಚುತ್ತದೆ. ಮೊದಲು ಇಂಗ್ಲಿಷ್ ತಡವರಿಸಿತೆನ್ನಿ. ಆಮೇಲೆ ಹೇಳಿದ ಸರಿಯಾದ ಉತ್ತರವೂ ಬಾಯಿಪಾಠದಂತೆ ಕೇಳಿಸುತ್ತದೆ.

ಈ ಸಂಗತಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾದ್ದರಿಂದ ಅಜಯ್ ಹಾಸಿಯಾ ಮೊಕದ್ದಮೆಯನ್ನು ಪರೀಕ್ಷೆಗಾಗಿ ಓದಬೇಕಾಯಿತು. ಪರೀಕ್ಷೆ ಮುಗಿದ ಮೇಲೂ ಅದು ತಲೆಯಿಂದ ಇಳಿಯಲಿಲ್ಲ. ಅದು ಉದ್ಯೋಗದ ಸಂದರ್ಶನವಲ್ಲ, ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ನಡೆದದ್ದು. ಬರೆದ ಪರೀಕ್ಷೆಗೆ 100 ಅಂಕ, ಮಾತಿನ ಪರೀಕ್ಷೆಗೆ 50. ಬರೆದದ್ದರಲ್ಲಿ ಮುಂದಿದ್ದ ಕೆಲವರು ಮಾತಿನಲ್ಲಿ ಹಿಂದೆ ಬಿದ್ದು ಸ್ಥಾನ ಕಳೆದುಕೊಂಡರು. ತಮ್ಮನ್ನು ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಮಾತನಾಡಿಸಲಿಲ್ಲ, ಕೇಳಿದ್ದೂ ತಂದೆತಾಯಿ ಯಾರು, ಊರು ಯಾವುದು ಎಂಬುದನ್ನೇ, ಎಂದು ಅವರ ದೂರು. ಸರ್ವೋಚ್ಚ ನ್ಯಾಯಾಲಯ 1980ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಮಾತಿನ ಪರೀಕ್ಷೆ ಪರೀಕ್ಷಕರ ಮನೋಧರ್ಮವನ್ನೂ ಮೊದಲ ನೋಟವನ್ನೂ ಅವಲಂಬಿಸಿದ್ದು, ದುರುಪಯೋಗಕ್ಕೆ ಎಡೆಯಾಗುವಂಥದು ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬರೆದರು. ಹಾಗೆಂದು ಅದನ್ನು ಪೂರ್ತಿ ಕೈಬಿಡಲು ಹೇಳಲಿಲ್ಲ. ಪ್ರವೇಶದಂಥ ವಿಷಯದಲ್ಲಿ ಒಟ್ಟು ಅಂಕಗಳ ನೂರಕ್ಕೆ ಹದಿನೈದಕ್ಕಿಂತ ಹೆಚ್ಚನ್ನು ಅದಕ್ಕೆ ಇಡುವುದು ಮನಸೋ ಇಚ್ಛೆಯಾದೀತೆಂದರು. ಸಂದರ್ಶನದ ಮಾತುಗಳನ್ನು ಧ್ವನಿಮುದ್ರಣ ಮಾಡುವುದು ಒಳ್ಳೆಯದೆಂಬ ಸಲಹೆಯೂ ಆ ತೀರ್ಪಿನಲ್ಲಿದೆ. ಇದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು. ಮೊದಲ ನೋಟ ಎಂಬುದು ಅಭ್ಯರ್ಥಿ ಕಲಿಯಬೇಕಾದ ವಿದ್ಯೆ ಮಾತ್ರವಲ್ಲ, ನೋಡುವವನು ಅಂಕೆಯಲ್ಲಿಟ್ಟುಕೊಳ್ಳಬೇಕಾದ ದೌರ್ಬಲ್ಯವೂ ಹೌದೆಂದು ದೇಶದ ಅತಿ ದೊಡ್ಡ ನ್ಯಾಯಾಲಯವೇ ಹೇಳಿದ ಹಾಗಾಯಿತಲ್ಲ!

ಮುಂದೆ 2016ರ ಜನವರಿ 1ರಿಂದ ಕೇಂದ್ರ ಸರ್ಕಾರವು ತನ್ನ ಕೆಳಗಿನ ದರ್ಜೆಯ ಹುದ್ದೆಗಳಿಗೆ, ಎಂದರೆ 'ಸಿ' ಗುಂಪಿನವಕ್ಕೂ 'ಬಿ' ಗುಂಪಿನ ಗೆಜೆಟೆಡ್ ಅಲ್ಲದವಕ್ಕೂ, ಸಂದರ್ಶನವನ್ನೇ ತೆಗೆದುಹಾಕಿತು. ನಮ್ಮಂಥವರಿಗೆ ಇದು ಉಪಕಾರವೇ. ಮೇಲಿನ ಹುದ್ದೆಗಳಿಗೆ ಮಾತ್ರ ಉಳಿದಿದೆ, ಐ.ಎ.ಎಸ್. ಮೊದಲಾದ ಸೇವೆಗಳ ಪರೀಕ್ಷೆಯಲ್ಲಿ 2025 ಅಂಕಗಳಿಗೆ 275 ಸಂದರ್ಶನದ್ದು. ಖಾಸಗಿ ಉದ್ಯೋಗಗಳಿಗಂತೂ ಅದೇ ಮೊದಲು, ಅದೇ ಕೊನೆ. ಬಿ.ಎ. ಮುಗಿಸಿ ಮರುತಿಂಗಳೇ ಸಂಬಳ ತರಬೇಕಾದವರು ಮೊದಲು ಹೋಗಿ ನಿಲ್ಲುವುದು ಈ ಬಾಗಿಲಲ್ಲಿಯೇ.

ಮೊದಲ ನೋಟದ ಮಾತು ಬಂದಾಗಲೆಲ್ಲ ನನಗೆ ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರರಾಯರು ನೆನಪಾಗುತ್ತಾರೆ. 1910ರಲ್ಲಿ ಅವರ ಮುಂದೆ ಒಬ್ಬ ಯುವಕ ಬಂದು ನಿಂತ. ಗಿಡ್ಡ, ದಪ್ಪ; ಕ್ಷೌರವಿಲ್ಲದ ಮುಖ; ಅಷ್ಟೇನೂ ಶುಭ್ರವಲ್ಲದ ಉಡುಪು; ಕಂಕುಳಲ್ಲಿ ಒಂದು ಹರಕು ನೋಟ್ ಪುಸ್ತಕ. ಎಫ್.ಎ. ಪರೀಕ್ಷೆಯಲ್ಲಿ ನಪಾಸಾದವ. ನಮ್ಮ ಯೂಟ್ಯೂಬಿನ ಗುರುಗಳು ಇಷ್ಟಕ್ಕೇ 'ಮುಂದಿನವರನ್ನು ಕಳಿಸಿ' ಎನ್ನುತ್ತಿದ್ದರು. ರಾಯರು ಈ ಎಲ್ಲವನ್ನೂ ಗಮನಿಸಿದರು, ಗಮನಿಸಿದ್ದನ್ನು ಆಮೇಲೆ ಬರೆದೂ ಇಟ್ಟರು. ಆದರೆ ಅವನ ಕಣ್ಣು ಹೊಳೆಯುತ್ತಿದ್ದುದನ್ನೂ ಗಮನಿಸಿದರು. ಆ ಪುಸ್ತಕದಲ್ಲಿದ್ದದ್ದು ಮೊದಲ ದಿನ ಅವರ ತಲೆಗೆ ಹತ್ತಲಿಲ್ಲ. ತನಗೆ ಅರ್ಥವಾಗಲಿಲ್ಲವೆಂದು ಅವನನ್ನು ಓಡಿಸಲಿಲ್ಲ, ಮತ್ತೆ ಬಾ ಎಂದರು. ಅವನು ಮತ್ತೆ ಬಂದ, ಮತ್ತೂ ಬಂದ. ಸುಲಭವಾದದ್ದರಿಂದ ಹಿಡಿದು ಮೆಲ್ಲಮೆಲ್ಲಗೆ ಕಠಿಣವಾದದ್ದರವರೆಗೆ ಅವರನ್ನು ಕೈಹಿಡಿದು ನಡೆಸಿದ. ಕೆಲವು ಕಾಲ ರಾಯರೇ ಅವನಿಗೆ ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರ ಮಾರ್ಚಿನಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತನಾದ ಆ ಯುವಕ ಶ್ರೀನಿವಾಸ ರಾಮಾನುಜನ್. ಈ ಕಥೆಯನ್ನು ಎಲ್ಲರೂ ರಾಮಾನುಜನ್ ಅವರ ಪ್ರತಿಭೆಗೆ ನಿದರ್ಶನವೆಂದು ಹೇಳುತ್ತಾರೆ. ನಾನು ಇದನ್ನು ರಾಯರ ತಾಳ್ಮೆಗೆ ನಿದರ್ಶನವೆಂದು ಓದುತ್ತೇನೆ. ಎರಡನೆಯ ಸಾರಿ ನೋಡುವ ವ್ಯವಧಾನವಿಲ್ಲದ ಮೇಜುಗಳ ಮುಂದಿನಿಂದ ಎಷ್ಟು ಹರಕು ಪುಸ್ತಕಗಳು ಹಿಂದಿರುಗಿ ಹೋದವೋ, ಲೆಕ್ಕ ಇಟ್ಟವರಾರು?

ನೋಡಿಸಿಕೊಳ್ಳುವವರೂ ನೋಡಬಲ್ಲರೆಂಬುದನ್ನು ನಾನು ಕಲಿತದ್ದು ಮಾತ್ರ ನಮ್ಮ ಅಕ್ಕನಿಂದ. ಹೆಣ್ಣು ಮಕ್ಕಳಿಗೆ ಸಂದರ್ಶನ ಹೊಸದೇನಲ್ಲ. ನಮ್ಮ ಮನೆಗಳಲ್ಲಿ ಅದಕ್ಕೆ ಉಪ್ಪಿಟ್ಟು ಮಂಡಕ್ಕಿಯ ಖರ್ಚೂ ಉಂಟು. ಅಕ್ಕನನ್ನು ನೋಡಲು ಮೂರು ಕಡೆಯವರು ಬಂದಿದ್ದರು. ಎರಡನೆಯವರು ಅನುಕೂಲಸ್ಥರು, ಸ್ವಂತ ಟ್ರ್ಯಾಕ್ಟರಿನವರು. ಅವಳನ್ನು ಮೆಚ್ಚಿಯೂ ಹೋದರು. ಅವರು ಹೋದ ಮೇಲೆ ಅಕ್ಕ ಬೇಡವೆಂದಳು. ಏಕೆಂದು ಕೇಳಿದರೆ, 'ನೀರಿನ ಲೋಟ ತಂದ ನಮ್ಮ ಪುಟ್ಟನ ಕೈಯಿಂದ ಎರಡು ಹನಿ ಚೆಲ್ಲಿದ್ದಕ್ಕೆ ಹುಡುಗ ಹೆಂಗೆ ನೋಡಿದ, ನೀವ್ಯಾರೂ ನೋಡ್ಲಿಲ್ವಾ?' ಎಂದಳು. ನಾವಾರೂ ನೋಡಿರಲಿಲ್ಲ. ಎಲ್ಲರೂ ಅಕ್ಕನ ತಲೆ ಸರಿಯಾಗಿ ತಗ್ಗಿದೆಯೋ ಇಲ್ಲವೋ ಎಂಬುದನ್ನೇ ನೋಡುತ್ತಿದ್ದೆವು. ತಗ್ಗಿದ ತಲೆಯಿಂದಲೂ ಅಷ್ಟನ್ನು ಕಂಡವಳು ಅವಳು. ಮೂರನೆಯವರ ಮನೆಯಲ್ಲಿ ಈಗ ಸುಖವಾಗಿದ್ದಾಳೆ.

ಇನ್ನು ನನ್ನ ವಿಷಯ. ಕಳೆದ ವರ್ಷ ನಮ್ಮ ಜಿಲ್ಲೆಯಲ್ಲಿ ನಡೆದ ಉದ್ಯೋಗ ಮೇಳವೊಂದರಲ್ಲಿ ಸಾಲ ಕೊಡುವ ಖಾಸಗಿ ಸಂಸ್ಥೆಯೊಂದರ ಮೇಜಿಗೆ ನಾನು ಹೆಸರು ಕೊಟ್ಟಿದ್ದೆ. ಕಚೇರಿಯ ಲೆಕ್ಕ ಬರೆಯುವ, ಹಳ್ಳಿಗಳ ಗ್ರಾಹಕರೊಂದಿಗೆ ಮಾತನಾಡುವ ಕೆಲಸ. ಹಿಂದಿನ ದಿನ ನಮ್ಮ ಹದಿನಾಲ್ಕನೆಯ ನಂಬರಿನ ಮಂಡಲಿಯಲ್ಲಿ ಒಂದೇ ಒಂದು ಪ್ರಶ್ನೆಯ ಮೇಲೆ ಒಂದು ಗಂಟೆ ವಾದವಾಯಿತು. 'ತಂದೆ ಏನು ಮಾಡುತ್ತಾರೆ?' ಎಂದರೆ ಏನು ಹೇಳುವುದು? 'ವ್ಯಾಪಾರ ಅಂತ ಹೇಳು, ಯಾರ್ಡಿನಲ್ಲೇ ಇದ್ದಾರಲ್ಲ' ಎಂದಳು ಒಬ್ಬಳು. 'ಕೃಷಿ ಮಾರುಕಟ್ಟೆಯಲ್ಲಿ ನೌಕರಿ ಅನ್ನು' ಎಂದಳು ಇನ್ನೊಬ್ಬಳು. ಬೆಂಗಳೂರಿನಲ್ಲಿ ಅಣ್ಣನಿರುವ ಮೂರನೆಯವಳು, 'ಲಾಜಿಸ್ಟಿಕ್ಸ್‌ನಲ್ಲಿದ್ದಾರೆ ಅಂತ ಹೇಳೇ, ಸುಳ್ಳೂ ಅಲ್ಲ' ಎಂದಳು. ಎಲ್ಲರೂ ನಕ್ಕೆವು. ಅವಳು ಹೇಳಿದ್ದು ಸುಳ್ಳಲ್ಲವೆಂಬುದೇನೋ ನಿಜ. ಆದರೆ ರಾತ್ರಿ ಅಪ್ಪ ಕೈಕಾಲು ತೊಳೆದು, ಭುಜಕ್ಕೆ ನೋವಿನ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿರುವುದನ್ನು ನೋಡಿದಾಗ ಆ ಇಂಗ್ಲಿಷ್ ಮಾತು ಗಂಟಲಿನಿಂದ ಈಚೆ ಬರುವಂತೆ ತೋರಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಹೋದವಳಿಗೆ ಕರೆ ಬಂದದ್ದು ಮಧ್ಯಾಹ್ನ ಮೂರೂವರೆಗೆ. ಇಸ್ತ್ರಿ ಮಾಡಿದ ಬಟ್ಟೆಯ ಗತಿ ಆ ಹೊತ್ತಿಗೆ ಏನಾಗಿತ್ತೆಂದು ಹೇಳಬೇಕಾಗಿಲ್ಲ. ಮೇಜಿನ ಹಿಂದೆ ಮೂವರಿದ್ದರು: ಮೊಬೈಲು ನೋಡುತ್ತಿದ್ದ ಒಬ್ಬ ತರುಣ, ವಯಸ್ಸಾದ ಒಬ್ಬ ಮೇಡಂ, ನನ್ನ ಬಯೋಡಾಟಾವನ್ನು ತಲೆಕೆಳಗಾಗಿ ಹಿಡಿದಿದ್ದ ಮತ್ತೊಬ್ಬರು. ನಮಸ್ಕಾರ ಮಾಡಿದೆ. ಮೇಡಂ ಒಬ್ಬರೇ ಪ್ರತಿನಮಸ್ಕಾರ ಮಾಡಿದರು. ಮೊದಲ ಒಂದು ನಿಮಿಷ ಹೆಸರು, ಊರು, ಅಂಕ ಎಂದು ಹೋಯಿತು. ಆಮೇಲೆ ನಿರೀಕ್ಷಿಸಿದ ಪ್ರಶ್ನೆಯೇ ಬಂದಿತು.

'ನಮ್ಮ ತಂದೆ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲಿ, ಸರ್' ಎಂದೆ.

ಮೊಬೈಲಿನ ತರುಣ ತಲೆಯೆತ್ತಿದ. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಮೇಡಂ, 'ಹಾಗಾದರೆ ನಿನಗೆ ಜೋಳದ ವ್ಯವಹಾರ ಗೊತ್ತಿರಬೇಕಲ್ಲಮ್ಮ. ಮೆಕ್ಕೆಜೋಳ ಒಣಗಿದೆಯೋ ಇಲ್ಲವೋ ಅಂತ ಹೇಗೆ ಹೇಳ್ತಾರೆ?' ಎಂದು ಕೇಳಿದರು. ಅವರು ನಿಜವಾಗಿ ತಿಳಿಯಲೆಂದು ಕೇಳಿದರೋ, ಚೀಲದ ನಡುವಿಗೆ ಕೊಳವೆ ಚುಚ್ಚಿದರೋ, ಇಂದಿಗೂ ನನಗೆ ಗೊತ್ತಿಲ್ಲ. ಕಾಳನ್ನು ಹಲ್ಲಿನಲ್ಲಿ ಕಚ್ಚಿದಾಗ 'ಕಟ್' ಎಂದು ಒಡೆದರೆ ಒಣಗಿದ್ದು, ಹಲ್ಲಿನ ಗುರುತು ಕುಳಿಯಾಗಿ ಕೂತರೆ ತೇವದ್ದು. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಒಣ ಕಾಳು ಗಲಗಲ ಎನ್ನುತ್ತದೆ. ಯಂತ್ರದಲ್ಲಿ ನೋಡಿದರೆ ತೇವ ನೂರಕ್ಕೆ ಹದಿನಾಲ್ಕರೊಳಗಿರಬೇಕು. ತೇವ ಹೆಚ್ಚಿದ್ದರೆ ಖರೀದಿದಾರ ಬೆಲೆ ಇಳಿಸುತ್ತಾನೆ, ಆ ವರ್ಷ ರೈತನ ಸಾಲದ ಕಂತು ತಡವಾಗುತ್ತದೆ ಎಂದು ಹೇಳಿದೆ. 'ಸಾಲದ ಕಂತು' ಎಂದೊಡನೆ ಬಯೋಡಾಟಾ ತಲೆಕೆಳಗಾಗಿ ಹಿಡಿದವರು ಅದನ್ನು ನೆಟ್ಟಗೆ ಮಾಡಿಕೊಂಡರು. ಮಳೆ ತಡವಾದ ವರ್ಷ ಹಳ್ಳಿಯವರು ಯಾವ ತಿಂಗಳಲ್ಲಿ ಹಣ ಕಟ್ಟಬಲ್ಲರು, ಹೆಂಗಸರ ಸಂಘಗಳಲ್ಲಿ ವಾರದ ಕಂತು ಹೇಗೆ ಹೊಂದಿಸುತ್ತಾರೆ ಎಂದು ಒಂದರ ಮೇಲೊಂದು ಪ್ರಶ್ನೆ ಬಂದವು. ನಮ್ಮ ಕೇರಿಯಲ್ಲಿ ದಿನವೂ ಕೇಳುವ ಮಾತುಗಳೇ ಅವು. ನಾನು ಕುರ್ಚಿಯಲ್ಲಿ ಪೂರ್ತಿ ಕುಳಿತಿದ್ದೆನೆಂಬುದು ಹೊರಗೆ ಬಂದ ಮೇಲೆ ನೆನಪಾಯಿತು.

ಏಳುವ ಮುಂಚೆ ತರುಣ, 'ಮದುವೆಯಾದರೆ ಕೆಲಸ ಬಿಡ್ತೀರೇನು?' ಎಂದ. ಪಕ್ಕದ ಸಾಲಿನ ಹುಡುಗರನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂಬುದು ನನಗೆ ಗೊತ್ತಿತ್ತು. 'ಕೆಲಸ ಸಿಕ್ಕಿದರೆ ಮದುವೆಯ ಮಾತೇ ಎರಡು ಮೂರು ವರ್ಷ ಮುಂದೆ ಹೋಗುತ್ತದೆ, ಸರ್. ಅದಕ್ಕೇ ಬಂದಿದ್ದೇನೆ' ಎಂದೆ. ಮೇಡಂ ನಕ್ಕರು. ಅವನು ನಗಲಿಲ್ಲ. ಅವನನ್ನು ನಾನೂ ಆಗ ಸರಿಯಾಗಿ ನೋಡಿದೆ, ಕುಂಕುಮದ ಜಾಗವನ್ನಲ್ಲ.

ಹದಿನೈದು ದಿನಗಳ ಮೇಲೆ ಪಟ್ಟಿ ಬಂದಿತು. ಇಬ್ಬರಿಗೆ ಕೆಲಸ ಸಿಕ್ಕಿತ್ತು. ನನ್ನ ಹೆಸರು ಕಾಯುವವರ ಪಟ್ಟಿಯಲ್ಲಿ ಎರಡನೆಯದು. ಇದನ್ನು ಬರೆಯುವ ಹೊತ್ತಿಗೂ ಅಲ್ಲಿಯೇ ಇದೆ. ಹಮಾಲಿ ಎಂಬ ಮಾತು ಕೆಲಸವನ್ನು ತಪ್ಪಿಸಿತೆಂದು ಒಬ್ಬ ಗೆಳತಿಯೂ, ಅದೇ ಪಟ್ಟಿಯವರೆಗಾದರೂ ಮುಟ್ಟಿಸಿತೆಂದು ಇನ್ನೊಬ್ಬಳೂ ಇಂದಿಗೂ ವಾದಿಸುತ್ತಾರೆ. ನನಗೆ ಎರಡಕ್ಕೂ ಆಧಾರ ಕಾಣದು. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಇನ್ನೊಂದು ಸಂದರ್ಶನವಿದೆ. ಅಲ್ಲಿಯೂ ಆ ಪ್ರಶ್ನೆ ಬಂದೀತು, ಅದೇ ಉತ್ತರ ಕೊಡುತ್ತೇನೆ.

ಆ ದಿನ ಸಂಜೆ ಮನೆಗೆ ಬಂದಾಗ ಅಪ್ಪ, 'ಏನೇನ್ ಕೇಳಿದ್ರವ್ವಾ?' ಎಂದಿದ್ದರು. ತಮ್ಮ ಕೆಲಸದ ಮಾತು ಅಲ್ಲಿ ಬಂದೀತೆಂದು ಅವರು ಎಣಿಸಿರಲಿಲ್ಲ. ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಕಚ್ಚಿ ನೋಡೋದು ಹೇಳ್ದೆ, ಅಲ್ಲಾಡ್ಸಿ ಕೇಳೋದು ಹೇಳ್ದೆ. ಚೀಲದೊಳಕ್ಕೆ ಮೊಳಕೈ ಮಟ ಕೈ ಹಾಕಿ ನೋಡೋದು ಹೇಳ್ಲಿಲ್ವಾ? ತೇವ ಇದ್ರೆ ಒಳಗೆ ತಣ್ಣಗೆ ತಾಕ್ತದೆ. ಅದೇ ಮೊದ್ಲು ನೋಡೋದು' ಎಂದರು. ಬರುವ ಭಾನುವಾರ ಯಾರ್ಡಿಗೆ ಬಾ, ತೋರಿಸುತ್ತೇನೆ ಎಂದು ಹೇಳಿ, ಎಣ್ಣೆಯ ಶೀಷೆಗೆ ಕೈ ಚಾಚಿದರು.